ಗೂಟದ ಮೇಲಿನ ಟೋಪಿ

ಟೋಪಿಯನ್ನು ತಗುಲಿಸುವುದಕ್ಕೂ ಒಂದು ಕ್ರಮವಿದೆ. ಬಿಲ್ಲೆ ಗೋಡೆಯ ಕಡೆಗಿರಬೇಕು. ಹೊರಗೆ ಕಾಣುವಂತೆ ಬಿಟ್ಟರೆ ಸ್ಟುಡಿಯೋ ದೀಪಗಳ ಕಾವಿಗೆ ಹಿತ್ತಾಳೆ ಮಂಕಾಗುತ್ತದೆ, ಅಕ್ಷರಗಳ ಸಂದಿಯಲ್ಲಿ ಧೂಳು ಕೂರುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮೂವತ್ತು ವರ್ಷ ನಾನು ವಿಲ್ಫ್ ಗ್ರೀನ್‌ಹಾಲ್‌ನ ಬಸ್ ಕಂಡಕ್ಟರ್ ಟೋಪಿಯನ್ನು ಹಾಗೆಯೇ ತಗುಲಿಸುತ್ತಾ ಬಂದೆ. ಗುರುವಾರ ಮತ್ತು ಶುಕ್ರವಾರ ಚಿತ್ರೀಕರಣ. ಮುಗಿದ ಮೇಲೆ ಟೋಪಿಯನ್ನು ಒರೆಸಿ, ಬ್ರಷ್ ಮಾಡಿ, ಅಡುಗೆಮನೆಯ ಬಾಗಿಲ ಹಿಂದಿನ ಗೂಟಕ್ಕೆ ಹಾಕುವುದು ನನ್ನ ಕೆಲಸ.

ಅಡುಗೆಮನೆ ಎಂದರೆ ನಿಜವಾದ ಅಡುಗೆಮನೆಯಲ್ಲ. ಮೂರೇ ಗೋಡೆ, ಮೇಲೆ ಸೂರಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಆದರೆ ಲ್ಯಾಂಕಾಷೈರಿನ ಅರ್ಧಕ್ಕರ್ಧ ಜನ ತಮ್ಮ ಅಕ್ಕನ ಅಡುಗೆಮನೆಗಿಂತ ಅದನ್ನೇ ಚೆನ್ನಾಗಿ ಬಲ್ಲವರು. ‘ಕಿಲ್ನ್ ಬೀದಿ’ ಧಾರಾವಾಹಿ ವಾರಕ್ಕೆರಡು ಸಲ, ಸಂಜೆ ಏಳೂವರೆಗೆ. ಶುರುವಾದ ಮೊದಲ ವರ್ಷದಲ್ಲೇ ಒಂದು ಸಲ ಆ ಟೋಪಿ ಉಡುಪಿನ ಕೋಣೆಯಲ್ಲಿ ಎಲ್ಲೋ ಸೇರಿಹೋಗಿ ಚಿತ್ರೀಕರಣ ಒಂದು ಗಂಟೆ ನಿಂತಿತ್ತು. ಅಂದಿನಿಂದ ಕಟ್ಟಪ್ಪಣೆಯಾಯಿತು: ಟೋಪಿ ಉಡುಪಿನ ಕೋಣೆಗೆ ಹೋಗಕೂಡದು, ಗೂಟದ ಮೇಲೇ ಇರಬೇಕು. ವಿಲ್ಫ್ ಮನೆಯಲ್ಲಿದ್ದಾಗ ಟೋಪಿ ಗೂಟದಲ್ಲಿ, ಹೊರಗೆ ಹೋದಾಗ ತಲೆಯಲ್ಲಿ. ನೋಡುವ ಮಕ್ಕಳಿಗೂ ಇದು ಗೊತ್ತಿತ್ತು. ಬಾಗಿಲ ಹಿಂದೆ ಟೋಪಿ ಕಂಡರೆ, ವಿಲ್ಫ್ ಮಹಡಿಯ ಮೇಲಿದ್ದಾನೆ ಎಂದು ಅವು ಅಮ್ಮಂದಿರಿಗೆ ಹೇಳುತ್ತಿದ್ದವು.

ವಿಲ್ಫ್ ಪಾತ್ರ ಮಾಡುತ್ತಿದ್ದವರು ಎಡ್ಗರ್ ಹಿಂಚ್ಲಿಫ್. ಹಲ್ ಬಂದರಿನವರು. ಅವರ ತಂದೆ ಮೀನುಹಡಗಿನ ಯಜಮಾನ. ಐಸ್‌ಲ್ಯಾಂಡಿನ ಕಡೆ ಹೋದ ಹಡಗು ತಿರುಗಿ ಬರಲಿಲ್ಲ. ಆಗ ಎಡ್ಗರ್‌ಗೆ ಹನ್ನೊಂದು. ತಾಯಿ ಮಗನನ್ನು ನೀರಿನ ಹತ್ತಿರ ಸುಳಿಯಲೂ ಬಿಡಲಿಲ್ಲ. ಹುಡುಗ ಸಮುದ್ರ ಬಿಟ್ಟು ನಾಟಕ ಸೇರಿದ. ವಾರಕ್ಕೊಂದು ಹೊಸ ನಾಟಕ ಕಟ್ಟುವ ಊರೂರಿನ ಕಂಪನಿಗಳಲ್ಲಿ ಹದಿನಾಲ್ಕು ವರ್ಷ ದುಡಿದರು: ಈ ವಾರ ರಾಜ, ಮುಂದಿನ ವಾರ ಪೊಲೀಸ್. ಐದಾರು ಸಿನಿಮಾಗಳಲ್ಲೂ ಬಂದರು. ಒಂದರಲ್ಲಿ ಸಾರ್ಜೆಂಟ್, ಇನ್ನೊಂದರಲ್ಲಿ ಎರಡೇ ಮಾತಾಡಿ ನೇಣಿಗೆ ಹೋಗುವವನು. ಆಮೇಲೆ ‘ಕಿಲ್ನ್ ಬೀದಿ’ಯವರು ಹದಿಮೂರು ವಾರಕ್ಕೆಂದು ಕರೆದರು. ಹದಿಮೂರು ವಾರದ ಗುತ್ತಿಗೆ ವರ್ಷವಾಯಿತು. ವರ್ಷಗಳು ಒಂದರ ಬೆನ್ನಿಗೊಂದು ಬಂದವು.

ನಾನು ನೋರಾ ಎಂಟ್‌ವಿಸ್ಲ್. ಹದಿನಾಲ್ಕಕ್ಕೆ ಹತ್ತಿ ಗಿರಣಿ ಸೇರಿದವಳು. ಗಿರಣಿ ಮುಚ್ಚಿದ ಮೇಲೆ ಸ್ಟುಡಿಯೋದಲ್ಲಿ ನಟರಿಗೆ ಬಟ್ಟೆ ತೊಡಿಸುವ ಕೆಲಸ ಸಿಕ್ಕಿತು. ಓದು ನನಗೆ ಸರಿಯಾಗಿ ಬರುತ್ತಿರಲಿಲ್ಲ. ಅದನ್ನು ಯಾರಿಗೂ ತಿಳಿಯಗೊಟ್ಟಿರಲಿಲ್ಲ. ಎಡ್ಗರ್ ತಮ್ಮ ಮಾತು ಬಾಯಿಪಾಠ ಮಾಡುವಾಗ, ಎದುರು ಕೂತು ಉಳಿದವರ ಮಾತು ಓದು ಎಂದು ಹಾಳೆ ಕೊಡುತ್ತಿದ್ದರು. ಕನ್ನಡಕ ಮರೆತು ಬಂದೆ ಎಂದು ಮೂರು ವಾರ ತಪ್ಪಿಸಿಕೊಂಡೆ. ನಾಲ್ಕನೆಯ ವಾರ ಅವರು ಸಾಮಾನು ಕೋಣೆಯಿಂದ ಏಳು ಜೊತೆ ಕನ್ನಡಕ ತಂದು ನನ್ನ ಮುಂದೆ ಸಾಲಾಗಿಟ್ಟರು.

“ಯಾವ್ದು ಸರಿಹೋಗತ್ತೋ ನೋಡಮ್ಮಾ,” ಎಂದರು.

ನಾನು ಒಂದೊಂದಾಗಿ ಏಳನ್ನೂ ಹಾಕಿ ತೆಗೆದೆ. ಕಡೆಯದನ್ನು ತೆಗೆಯುವಾಗ ಅಳು ಬಂತು. ಅವರು ಕನ್ನಡಕಗಳನ್ನು ಡಬ್ಬಿಗೆ ತುಂಬಿಕೊಂಡು ಹೋದರು. ಮರುದಿನ ನನ್ನ ಇಸ್ತ್ರಿ ಮೇಜಿನ ಮೇಲೆ ಒಂದು ಚೀಟಿ ಇತ್ತು. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ದೊಡ್ಡವರಿಗೆ ನಡೆಸುವ ಸಂಜೆ ಶಾಲೆಯ ವಿಳಾಸ, ಓದಲು ಬಾರದವಳೂ ಓದಬಲ್ಲಷ್ಟು ದೊಡ್ಡ ಅಕ್ಷರಗಳಲ್ಲಿ. ಇದನ್ನು ಯಾಕೆ ಹೇಳಿದೆನೆಂದರೆ, ನಾನು ಆಮೇಲೆ ಮಾಡಿದ ಕೆಲಸ ಯಾರಿಗೆ ಮಾಡಿದ್ದು ಎಂಬುದು ಗೊತ್ತಿರಲಿ ಎಂದು.

ಹೊರಗೆ ಎಡ್ಗರ್ ಎಂಬ ಮನುಷ್ಯನೇ ಇರಲಿಲ್ಲ. ಕಸಾಯಿಯವನು ಅವರನ್ನು ಕಂಡೊಡನೆ ದನದ ಹೊಟ್ಟೆಯ ತುಂಡು ಕಟ್ಟಿಡುತ್ತಿದ್ದ, ವಿಲ್ಫ್‌ಗೆ ಅದು ಪ್ರಾಣ ಎಂದು. ಎಡ್ಗರ್‌ಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಬೇಡವೆಂದರೆ ಅವನು ನೊಂದುಕೊಳ್ಳುತ್ತಾನೆ, ಅದಕ್ಕೇ ಕೈಯೊಡ್ಡಿ ತಂದು ನೆರೆಮನೆಯ ನಾಯಿಗೆ ಹಾಕುತ್ತಿದ್ದರು. ಬಸ್ಸು ಹತ್ತುವ ಹಾಗೇ ಇರಲಿಲ್ಲ.

“ಏನ್ ವಿಲ್ಫ್, ಕೂತ್ಕೊಂಡೇ ಬಿಟ್ಯಲ್ಲೋ! ಟಿಕೆಟ್ ಕೊಡೋರ್ಯಾರು, ನಿಮ್ಮಪ್ಪಾನಾ?”

ಬಸ್ಸಿಡೀ ನಗುತ್ತಿತ್ತು. ಎಡ್ಗರೂ ನಗುತ್ತಿದ್ದರು. ತಾಯಿಯನ್ನು ಮಣ್ಣು ಮಾಡುವಾಗ ಸಮಾಧಿಯ ಬೇಲಿಯಾಚೆ ನೂರು ಜನ ನಿಂತಿದ್ದರಂತೆ. ಟೋಪಿ ಇಲ್ಲದ ಅವರ ಬೋಳುತಲೆ ನೋಡಿ ಒಬ್ಬಳು, “ಅಯ್ಯೋ, ವಿಲ್ಫ್‌ಗೆ ಟೋಪಿನೇ ಇಲ್ಲ ಕಣೇ!” ಎಂದು ಕೂಗಿದಳಂತೆ. ಅವರ ಹೆಂಡತಿ ಕೋನಿ ಇದನ್ನು ನನಗೆ ಹೇಳುವಾಗ ನಗಲಿಲ್ಲ.

ಸಾವಿರದ ಒಂಬೈನೂರ ಎಂಬತ್ತೊಂದರ ಬೇಸಗೆಯಲ್ಲಿ ಒಂದು ಕಾಗದ ಬಂತು. ಬರೆದವರು ಒಬ್ಬ ವಯಸ್ಸಾದ ಸಿನಿಮಾ ನಿರ್ದೇಶಕರು. ಹಿಂದೊಮ್ಮೆ ಸ್ಕಾರ್ಬರೋದ ನಾಟಕದಲ್ಲಿ ಎಡ್ಗರ್‌ರನ್ನು ನೋಡಿದ್ದರಂತೆ, ಮರೆತಿರಲಿಲ್ಲ. ಮೀನುಹಡಗಿನ ಮುದಿ ಯಜಮಾನನೊಬ್ಬನ ಕಥೆ. ಹಡಗನ್ನು ಮುರಿದು ಮಾರಲು ಒಪ್ಪದೆ ಕಡೆಯ ಸಲ ಒಬ್ಬನೇ ಕಡಲಿಗೆ ಹೋಗುತ್ತಾನೆ. ಮೊದಲಿನಿಂದ ಕೊನೆಯವರೆಗೆ ಅವನೇ. ಆರು ವಾರದ ಕೆಲಸ, ಅಕ್ಟೋಬರ್ ಮೊದಲ ವಾರದಿಂದ.

ಎಡ್ಗರ್ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, “ಗಟ್ಟಿಯಾಗಿ ಓದು,” ಎಂದರು. ನಾನು ತಡವರಿಸದೆ ಓದಿದೆ. ಕಿಟಕಿಯ ಹತ್ತಿರ ನಿಂತು ಕೇಳಿದರು.

“ಇನ್ನೊಂದ್ಸಲ.”

ಮತ್ತೊಮ್ಮೆ ಓದಿದೆ.

“ನಮ್ಮಪ್ಪ ಕಣೇ ಅದು,” ಎಂದರು. “ಅರವತ್ತಾಯ್ತು ನಂಗೆ. ಅವ್ರಿಗಿಂತ ಇಪ್ಪತ್ತು ವರ್ಷ ದೊಡ್ಡೋನಾಗಿದೀನಿ. ಇದೊಂದು ಮಾಡಿ ಸತ್ತರೂ ಸರಿ, ನಟ ಅನ್ನಿಸ್ಕೊಂಡು ಸಾಯ್ತೀನಿ. ಇಲ್ದಿದ್ರೆ ಬರೀ ಟೋಪಿ.”

ನಿರ್ಮಾಪಕ ಲೊಮ್ಯಾಕ್ಸ್ ಕೆಟ್ಟವನಲ್ಲ. ದಪ್ಪಗೆ, ಯಾವಾಗಲೂ ಪುದೀನ ಪೆಪ್ಪರಮಿಂಟು ಚೀಪುತ್ತಿದ್ದ. ಎಡ್ಗರ್ ಆರು ವಾರ ರಜೆ ಕೇಳಿದಾಗ ನಾನು ಕೋಟಿನ ತೋಳಿಗೆ ಗುಂಡಿ ಹೊಲಿಯುತ್ತಾ ಅಲ್ಲೇ ಇದ್ದೆ. ಬಟ್ಟೆ ತೊಡಿಸುವವರು ಕೋಣೆಯಲ್ಲಿದ್ದಾರೆ ಎಂದು ಯಾರಿಗೂ ಅನ್ನಿಸುವುದಿಲ್ಲ.

“ಆರು ವಾರ ವಿಲ್ಫ್ ಎಲ್ಲಿಗೆ ಹೋಗ್ತಾನಯ್ಯಾ?” ಎಂದ ಲೊಮ್ಯಾಕ್ಸ್. “ಇಪ್ಪತ್ತು ವರ್ಷದಲ್ಲಿ ಅವ್ನು ಬ್ಲಾಕ್‌ಪೂಲ್ ದಾಟಿಲ್ಲ.”

“ಹಾಗಾದ್ರೆ ಪೂರ್ತಿ ಕಳಿಸ್ಬಿಡಿ. ಸೆಪ್ಟೆಂಬರ್‌ಗೆ ನನ್ನ ಗುತ್ತಿಗೆ ಮುಗಿಯತ್ತೆ. ನಾನು ರುಜು ಹಾಕಲ್ಲ.”

ಲೊಮ್ಯಾಕ್ಸ್ ಪೆಪ್ಪರಮಿಂಟನ್ನು ಕಟಕ್ಕೆಂದು ಕಡಿದ. “ಕೊಂದ್ಬಿಡ್ಲಾ?”

“ಕೊಲ್ಲಿ.”

“ಜನ ನಮ್ಮನ್ನ ಕೊಲ್ತಾರೆ. ಮೋರ್ಕಂಬ್‌ನಲ್ಲಿ ತಂಗಿ ಇದಾಳಲ್ಲ ಅವ್ನಿಗೆ, ಅಲ್ಲಿಗೆ ಕಳಿಸೋಣ. ಇನ್ನು ಅಲ್ಲೇ ಇರ್ತೀನಿ ಅಂತ ಹೇಳಿ ಹೋಗ್ಲಿ.” ಎದ್ದು ಕೈ ಕುಲುಕಿದ. ಹೋಗುವಾಗ ಬಾಗಿಲಲ್ಲಿ ತಿರುಗಿ, “ಆ ಹದಿಮೂರು ವಾರದ ಕರಾರು ಗೊತ್ತಲ್ಲ? ಯಾವ್ದಾದ್ರೂ ದೃಶ್ಯ ಕೆಟ್ಟುಹೋದ್ರೆ ಕರೀತೀವಿ, ಬರ್ಬೇಕು. ಅಷ್ಟೆ,” ಎಂದ.

ಆ ಕರಾರು ಎಲ್ಲರ ಕಾಗದದಲ್ಲೂ ಇತ್ತು. ಬಿಟ್ಟುಹೋದ ನಟನನ್ನು ಹದಿಮೂರು ವಾರದೊಳಗೆ ಕಥೆಗೆ ಅಗತ್ಯ ಬಿದ್ದರೆ ಕರೆಸಿಕೊಳ್ಳಬಹುದು. ಸುರುಳಿ ಹಾಳಾದರೆ ಮತ್ತೆ ತೆಗೆಯಲೆಂದು ಬರೆದದ್ದು. ಅದನ್ನು ಬೇರೆ ಯಾವುದಕ್ಕೂ ಬಳಸಿದ್ದನ್ನು ನಾನು ಕಂಡಿರಲಿಲ್ಲ.

ಕಡೆಯ ದೃಶ್ಯ ಸೆಪ್ಟೆಂಬರ್‌ನ ಒಂದು ಗುರುವಾರ ಬೆಳಿಗ್ಗೆ ನಡೆಯಿತು. ವಿಲ್ಫ್ ಪೆಟ್ಟಿಗೆ ಹಿಡಿದು, ಗೂಟದಿಂದ ಟೋಪಿ ತೆಗೆದು ತಲೆಗಿಟ್ಟು, ಮೈದುನನ ಹೆಂಡತಿ ಆಗ್ಗಿಗೆ ಹೋಗಿಬರುತ್ತೇನೆ ಎಂದು ಹೇಳಿ ಬಾಗಿಲು ದಾಟಬೇಕು. ದಾಟಿದರು. ಬಾಗಿಲಾಚೆ ರಸ್ತೆಯಿಲ್ಲ, ಹಲಗೆಗಳ ಹಿಂಬದಿ, ತಂತಿಗಳ ಕಟ್ಟು, ಮತ್ತು ನಾನು. ಎಡ್ಗರ್ ಟೋಪಿ ತೆಗೆದು ನನ್ನ ಕೈಯಲ್ಲಿಟ್ಟರು. ಒಳಗೆ ಬೆವರಿನಿಂದ ಬೆಚ್ಚಗಿತ್ತು.

“ತಗೋ ನೋರಾ. ಇನ್ನು ನಿಂದು.”

ನನ್ನ ಕೆನ್ನೆಗೆ ಮುತ್ತಿಟ್ಟು ಹೋದರು. ಕೇಕು ಕತ್ತರಿಸಲು ಎಲ್ಲರೂ ಕ್ಯಾಂಟೀನಿಗೆ ಹೊರಟರು. ನಾನು ಟೋಪಿಯನ್ನು ಒರೆಸಿದೆ. ಬ್ರಷ್ ಮಾಡಿದೆ. ಅಡುಗೆಮನೆಗೆ ಹೋಗಿ ಬಿಲ್ಲೆಯನ್ನು ಗೋಡೆಯ ಕಡೆ ಮಾಡಿ ಗೂಟಕ್ಕೆ ಹಾಕಿದೆ. ಆಮೇಲೆ ಕೇಕು ತಿನ್ನಲು ಹೋದೆ.

ಇಪ್ಪತ್ತು ನಿಮಿಷ ಕಳೆದು ಮುಂದಿನ ದೃಶ್ಯ. ಅದೇ ಅಡುಗೆಮನೆ. ವಿಲ್ಫ್ ಹೋದ ಮೇಲೆ ಆಗ್ಗಿ ಒಬ್ಬಳೇ ಕೂತು ಚಹಾ ಬಗ್ಗಿಸುತ್ತಾಳೆ, ಮರೆತು ಎರಡು ಬಟ್ಟಲಿಗೆ. ದೃಶ್ಯದಿಂದ ದೃಶ್ಯಕ್ಕೆ ಸಾಮಾನು ಅದಲುಬದಲಾಗದಂತೆ ನೋಡಿಕೊಳ್ಳುವ ಹುಡುಗಿ ಪ್ರೂಡೆನ್ಸ್ ಫೋಟೋಗಳ ಕಟ್ಟು ಹಿಡಿದು ಎಲ್ಲವನ್ನೂ ತಾಳೆ ನೋಡಿದಳು. ಕೆಟಲ್ ಸರಿಯಿದೆ, ಪರದೆ ಸರಿಯಿದೆ, ಗೂಟದಲ್ಲಿ ಟೋಪಿ ಸರಿಯಿದೆ. ಅವಳ ಫೋಟೋಗಳಲ್ಲೆಲ್ಲ ಗೂಟದಲ್ಲಿ ಟೋಪಿ ಇತ್ತಲ್ಲ. ಕ್ಯಾಮೆರಾದವನು ಇಪ್ಪತ್ತು ವರ್ಷದಿಂದ ಆ ಮೂಲೆಯಲ್ಲಿ ಅದನ್ನೇ ನೋಡಿದವನು. ಟೋಪಿ ಇರದಿದ್ದರೆ ನಮ್ಮಲ್ಲಿ ಹತ್ತು ಜನ ಹೌಹಾರಿ ಕೂಗುತ್ತಿದ್ದೆವು. ಇದ್ದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಚಿತ್ರೀಕರಿಸಿದ ಎರಡು ವಾರಕ್ಕೆ ಪ್ರಸಾರ. ನಾನೂ ನನ್ನ ತಂಗಿ ಇಡಾಳೂ ಆಲೂಗಡ್ಡೆ ಕಡುಬು ತಟ್ಟೆಗೆ ಹಾಕಿಕೊಂಡು ಕೂತಿದ್ದೆವು. ವಿಲ್ಫ್ ಟೋಪಿ ತೊಟ್ಟು ಹೋದ. ಇಡಾ ಮೂಗೊರೆಸಿಕೊಂಡಳು. ಆಗ್ಗಿ ಚಹಾ ಬಗ್ಗಿಸಿದಳು. ಇಡಾಳ ಚಮಚ ನಿಂತಿತು.

“ಏ ನೋರಾ, ಟೋಪಿ ಅಲ್ಲೇ ಇದ್ಯಲ್ಲೇ!”

ನಾನು ನೋಡಿದೆ. ಆಗ್ಗಿಯ ಭುಜದ ಮೇಲೆ, ಬಾಗಿಲ ಹಿಂದೆ, ಚಂದ್ರನ ಹಾಗೆ ಎದ್ದು ಕಾಣುತ್ತಿತ್ತು.

“ಅಂದ್ರೆ ಹೋಗೇ ಇಲ್ಲ ಅವ್ನು! ಮೇಲಿದಾನೆ!” ಎಂದು ಇಡಾ ಚಪ್ಪಾಳೆ ತಟ್ಟಿದಳು. “ಭಲೇ ಕಳ್ಳೀ, ನಂಗೂ ಹೇಳ್ಲಿಲ್ವಲ್ಲ ನೀನು!”

ನಾನು ತಟ್ಟೆಯನ್ನು ನೆಲಕ್ಕಿಟ್ಟೆ.

ಸೋಮವಾರ ಮೂರು ಮೂಟೆ ಕಾಗದ. ಬುಧವಾರದ ಹೊತ್ತಿಗೆ ಒಂಬತ್ತು. ಪತ್ರಿಕೆಗಳು ಮೊದಲ ಪುಟದಲ್ಲೇ ಟೋಪಿಯ ಚಿತ್ರ ಹಾಕಿದವು. ವಿಲ್ಫ್ ಮಹಡಿಯಲ್ಲಿ ಅಡಗಿದ್ದಾನೆ ಎಂದು ಒಬ್ಬರು. ಬಸ್ ನಿಲ್ದಾಣದಲ್ಲಿ ಯಾರೋ ಹೊಡೆದು ಟೋಪಿ ತಂದಿಟ್ಟಿದ್ದಾರೆ ಎಂದು ಇನ್ನೊಬ್ಬರು. ರಾಚ್‌ಡೇಲಿನ ಒಂದು ಕಾರ್ಖಾನೆಯ ಊಟದ ಮನೆಯಲ್ಲಿ ಇದೇ ಮಾತಿಗೆ ಹೊಡೆದಾಟವಾಯಿತಂತೆ. ಶಾಲೆಯ ಮಕ್ಕಳು ವಿಲ್ಫ್‌ನನ್ನು ಹುಡುಕಿಕೊಡಿ ಎಂದು ಚಿತ್ರ ಬರೆದು ಕಳಿಸಿದವು.

ಲೊಮ್ಯಾಕ್ಸ್ ನಮ್ಮನ್ನೆಲ್ಲ ಸೇರಿಸಿದ. ಬೈಯುತ್ತಾನೆಂದು ನಾನು ಗೋಡೆಗೊರಗಿ ನಿಂತೆ. ಪ್ರೂಡೆನ್ಸ್ ಆಗಲೇ ಅಳುತ್ತಿದ್ದಳು.

“ಯಾರು ಮಾಡಿದ್ದು ಇದನ್ನ?” ಎಂದ ಲೊಮ್ಯಾಕ್ಸ್. ಮುಖ ಬೆಳಗುತ್ತಿತ್ತು. “ಹೇಳ್ರಪ್ಪಾ, ಮುತ್ತಿಡ್ತೀನಿ ಅವ್ರಿಗೆ! ಐದು ವರ್ಷದಿಂದ ಇಷ್ಟು ಜನ ನಮ್ಮ ಬೀದಿ ನೋಡಿರ್ಲಿಲ್ಲ!”

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಆಗಲೇ ಹೇಳಿದ್ದರೆ, ಸ್ವಾಮಿ, ಇದು ಬಟ್ಟೆಯವಳ ಕೈತಪ್ಪು, ಕಥೆಯಲ್ಲ ಎಂದಿದ್ದರೆ, ಏನಾದರೂ ಬದಲಾಗುತ್ತಿತ್ತೋ ಇಲ್ಲವೋ. ಕೆಲಸ ಹೋದೀತು ಎಂದು ಹೆದರಿದೆ. ಅದಕ್ಕಿಂತ ಹೆಚ್ಚು, ಎಡ್ಗರ್‌ಗೆ ಗೊತ್ತಾದೀತು ಎಂದು ಹೆದರಿದೆ.

“ಹದಿಮೂರು ವಾರದಲ್ಲಿ ಮೂರು ವಾರಾನೂ ಕಳೆದಿಲ್ಲ,” ಎಂದ ಲೊಮ್ಯಾಕ್ಸ್. “ಕರೆಸ್ರಿ ಅವ್ರನ್ನ.”

ಎಡ್ಗರ್ ಆಗಲೇ ಪೂರ್ವ ಕರಾವಳಿಯ ಬಂದರಿನಲ್ಲಿದ್ದರು. ನಾಲ್ಕು ದಿನ ಕಳೆದರೆ ಶುರು. ಲೊಮ್ಯಾಕ್ಸ್‌ಗೆ ಫೋನಿನಲ್ಲೇ ಬೇಡಿಕೊಂಡರು ಎಂದು ಕೋನಿ ಹೇಳಿದಳು. ಆರು ವಾರ ತಾಳಿ, ಆಮೇಲೆ ನೀವು ಹೇಳಿದಷ್ಟು ದಿನ ಬರುತ್ತೇನೆ ಎಂದು. ಆರು ವಾರಕ್ಕೆ ಜನ ಟೋಪಿಯನ್ನೇ ಮರೆತಿರುತ್ತಾರೆ ಎಂದ ಲೊಮ್ಯಾಕ್ಸ್. ಎಡ್ಗರ್ ವಕೀಲರನ್ನು ಕಂಡರು. ವಕೀಲರು ಕರಾರನ್ನು ಎರಡು ಸಲ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ಸಿನಿಮಾದವರೂ ಕಾಯುವಂತಿರಲಿಲ್ಲ. ಹಡಗು ಬಾಡಿಗೆಯದು, ನವೆಂಬರ್ ಆದರೆ ಕಡಲು ಬಿಡುವುದಿಲ್ಲ. ಆ ಪಾತ್ರಕ್ಕೆ ಲಂಡನ್ನಿನ ಇನ್ನೊಬ್ಬ ನಟ ಮರುದಿನವೇ ರೈಲು ಹತ್ತಿದ.

ಎಡ್ಗರ್ ನನ್ನ ಕೋಣೆಗೆ ಬಂದಾಗ ಗುರುತೇ ಸಿಗಲಿಲ್ಲ. ಗಡ್ಡ ಬಿಟ್ಟಿದ್ದರು. ಬೆಳ್ಳಗೆ, ಒತ್ತಾಗಿ, ಬಾಯಿಯ ಸುತ್ತ ಕೊಂಚ ಕೆಂಚಗೆ. ಮುಖ ಬಿಸಿಲಿಗೂ ಗಾಳಿಗೂ ಕಂದಿತ್ತು. ಕಂಬಳಿ ಬಣ್ಣದ ದಪ್ಪ ಉಣ್ಣೆಯಂಗಿ ತೊಟ್ಟಿದ್ದರು. ಅದರಿಂದ ಡಾಂಬರಿನ, ಮೀನಿನ ವಾಸನೆ ಬರುತ್ತಿತ್ತು. ಯಾರೋ ಪರಕೀಯ ಗಂಡಸು ಒಳಗೆ ಬಂದ ಹಾಗೆ ನಾನು ಎದ್ದು ನಿಂತುಬಿಟ್ಟೆ.

“ವಿಲ್ಫ್‌ಗೆ ಗಡ್ಡ ಇಲ್ವಲ್ಲ,” ಎಂದು ಹೇಳಿ ಕನ್ನಡಿ ಮುಂದೆ ಕೂತರು.

ಬಣ್ಣ ಹಚ್ಚುವ ಹುಡುಗಿ ಕತ್ತರಿ ಹಿಡಿದು ಬಂದಳು. ಬಟ್ಟೆಯ ಮೇಲೆ ಕೂದಲು ಬೀಳದ ಹಾಗೆ ನಾನು ಟವಲು ಹಿಡಿದು ನಿಂತೆ. ಅವಳು ಕತ್ತರಿಸಿದಳು, ನೊರೆ ಹಚ್ಚಿದಳು, ಬೋಳಿಸಿದಳು. ಹಡಗಿನ ಯಜಮಾನ ತುಂಡುತುಂಡಾಗಿ ಟವಲಿನ ಮೇಲೆ ಬಿದ್ದ. ಕೆಳಗಿನಿಂದ ವಿಲ್ಫ್ ಎದ್ದು ಬಂದ, ಕೆನ್ನೆ ಮಾತ್ರ ಎರಡು ಬಣ್ಣ: ಮೇಲೆ ಕಂದು, ಗಡ್ಡವಿದ್ದಲ್ಲಿ ಹಿಟ್ಟಿನ ಬಿಳುಪು. ಅದನ್ನು ಬಣ್ಣ ಹಚ್ಚಿ ಮುಚ್ಚಿದರು. ಎಡ್ಗರ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು. ನಾನು ಟವಲನ್ನು ನೋಡುತ್ತಿದ್ದೆ.

ದೃಶ್ಯ ಇಷ್ಟೆ: ಬಾಗಿಲು ತೆರೆದು ವಿಲ್ಫ್ ಪೆಟ್ಟಿಗೆಯ ಸಮೇತ ಒಳಗೆ ಬರುತ್ತಾನೆ. ಬೋಳುತಲೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಹೊರಗಿನಿಂದ ಟೋಪಿಯಿಲ್ಲದೆ ಬರುವುದು. ಹೋಗುವಾಗ ತಲೆಯಲ್ಲಿದ್ದದ್ದು ತಂಗಿಗೆ ತೋರಿಸಲು ಕೊಂಡ ಹೊಸ ಟೋಪಿ, ಅದು ಗಾಳಿಗೆ ಹಾರಿಹೋಯಿತು ಎಂದು ಬರೆಯುವವರು ಹೇಗೋ ತೇಪೆ ಹಾಕಿದ್ದರು. ಆಗ್ಗಿ ಬೆಚ್ಚಿ ಏಳುತ್ತಾಳೆ. ವಿಲ್ಫ್ ಗೂಟದ ಕಡೆ ನೋಡಿ, ಒಂದೇ ಮಾತು ಹೇಳಬೇಕು.

“ಟೋಪಿ ಮರ್ತಿದ್ದೆ.”

ಮೊದಲನೆಯ ಸಲದಲ್ಲೇ ಸರಿಯಾಗಿ ಹೇಳಿದರು. ಸ್ಟುಡಿಯೋದವರೆಲ್ಲ ಚಪ್ಪಾಳೆ ತಟ್ಟಿದರು. ಎರಡು ವಾರದ ಮೇಲೆ ದೇಶವೇ ನಕ್ಕಿತು. ಬೀದಿಯಲ್ಲಿ ಸಿಕ್ಕವರೆಲ್ಲ ಅದನ್ನೇ ಅವರ ಬೆನ್ನಿಗೆ ಕೂಗುತ್ತಿದ್ದರು, ಸಾಯುವತನಕ.

ಹದಿಮೂರು ವಾರ ಮುಗಿದಾಗ ಅವರು ಹೋಗಬಹುದಿತ್ತು. ಎಲ್ಲಿಗೆ? ಎರಡು ಕಡೆ ಕೇಳಿದರು. ಒಂದು ಕಡೆ ಕಂಡಕ್ಟರ್ ಪಾತ್ರ ಇದೆ ಎಂದರಂತೆ. ಮತ್ತೊಂದು ವರ್ಷಕ್ಕೆ ರುಜು ಹಾಕಿದರು.

ಆ ಸಿನಿಮಾ ಮರುವರ್ಷ ನಮ್ಮೂರಿಗೆ ಬಂತು. ಒಂದು ಬುಧವಾರ ಮಧ್ಯಾಹ್ನ ಎಡ್ಗರ್, “ಬರ್ತೀಯಾ ನೋರಾ? ಕೋನಿ ನೋಡಲ್ಲ ಅಂತಾಳೆ,” ಎಂದರು. ಇಡೀ ಮಂದಿರದಲ್ಲಿ ಹದಿನೈದು ಜನ ಇರಲಿಲ್ಲ. ಎಡ್ಗರ್ ತಮ್ಮ ಸ್ವಂತದ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರೂ ಹಿಂದಿನ ಸಾಲಿನ ಮುದುಕಿ ಗುರುತು ಹಿಡಿದಳು.

“ಓ ವಿಲ್ಫ್! ಪೆಪ್ಪರಮಿಂಟ್ ತಗೋ ಮಗಾ.”

ತೆಗೆದುಕೊಂಡರು. “ದೇವ್ರು ಚೆನ್ನಾಗಿಟ್ಟಿರ್ಲಮ್ಮಾ,” ಎಂದು ವಿಲ್ಫ್‌ನ ದನಿಯಲ್ಲೇ ಹೇಳಿದರು. ಆಮೇಲೆ ದೀಪ ಆರಿತು.

ಆ ಲಂಡನ್ನಿನ ನಟ ಚೆನ್ನಾಗಿಯೇ ಮಾಡಿದ್ದ. ಎಡ್ಗರ್ ಅಲ್ಲಾಡದೆ ನೋಡಿದರು. ಒಂದು ಕಡೆ ಮಾತ್ರ ಮುಂದಕ್ಕೆ ಬಾಗಿ ಪಿಸುಗುಟ್ಟಿದರು. “ಹಗ್ಗ ಹಾಗೆ ಸುತ್ತಲ್ಲ. ನೋಡು, ಬೆರಳು ಹೋಗತ್ತೆ. ನಮ್ಮಪ್ಪ ಹೀಗೆ ಸುತ್ತೋರು.” ಕತ್ತಲಲ್ಲಿ ಅವರ ಕೈಗಳು ಇಲ್ಲದ ಹಗ್ಗವನ್ನು ಮಂಡಿಯ ಮೇಲೆ ಸುತ್ತಿದವು, ಒಂದು, ಎರಡು, ಮೂರು ಸುತ್ತು. ನನಗೆ ತಡೆಯಲಾಗಲಿಲ್ಲ.

“ಟೋಪಿ ತಗುಲಿಸಿದ್ದು ನಾನು,” ಎಂದೆ.

“ಗೊತ್ತು.”

“ಯಾರು ಹೇಳಿದ್ರು?”

“ಬಿಲ್ಲೆ ಗೋಡೆ ಕಡೆ ಇತ್ತಲ್ಲೇ. ಬೇರೆ ಯಾರು ಹಾಗೆ ತಗುಲಿಸ್ತಾರೆ?” ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಬಂದರಿನ ಹೋಟೆಲಲ್ಲಿ ಕೂತು ನೋಡ್ತಿದ್ದೆ. ಟೀವಿ ಸುತ್ತ ಮೀನುಗಾರ್ರೆಲ್ಲ ಇದ್ರು. ಗಡ್ಡ ಇತ್ತಲ್ಲ, ನಾನ್ಯಾರು ಅಂತ ಒಬ್ರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಅಂಥಾ ಸುಖ ಪಟ್ಟಿರ್ಲಿಲ್ಲ ಕಣೇ. ಆಗ ಗೂಟದಲ್ಲಿ ಟೋಪಿ ಕಾಣ್ತು.”

“ಕೈ ಮರೆತು ಮಾಡ್ತು ಎಡ್ಗರ್. ದೇವರಾಣೆ.”

“ನಂದೂ ಹಾಗೇ. ಕಂಡ ತಕ್ಷಣ ನನ್ನ ಕೈ ತಲೆ ಮೇಲೆ ಹೋಯ್ತು. ತಲೇಲಿಲ್ವಲ್ಲ, ಎಲ್ಲಿ ಬಿಟ್ಟೆ ಅಂತ.” ಮಂಡಿಯ ಮೇಲಿದ್ದ ಕೈಯನ್ನು ತಿರುವಿ ನೋಡಿಕೊಂಡರು. “ನಿನ್ನ ಕೈನೂ ನನ್ನ ಕೈನೂ ಒಂದೇ ಕಂಪನಿಯವು. ಬೈಯೋದು ಯಾರನ್ನ?”

ಪರದೆಯ ಮೇಲೆ ಹಡಗು ಒಂಟಿಯಾಗಿ ಬಂದರು ಬಿಟ್ಟಿತು. ಹಿಂದಿನ ಮುದುಕಿ ಗೊರಕೆ ಹೊಡೆಯುತ್ತಿದ್ದಳು.

“ಒಂದು ಮಾತು ಕೊಡು,” ಎಂದರು. “ಇನ್ನೊಂದ್ಸಲ ನಾನು ಹೋದಾಗ ಅದು ಗೂಟದ ಮೇಲಿರ್ಬಾರ್ದು. ಯಾವ ಗೂಟದ ಮೇಲೂ.”

ಕೊಟ್ಟೆ.

ಅವರು ಹೋದದ್ದು ಸುಮಾರು ಹತ್ತು ವರ್ಷದ ಮೇಲೆ, ತೊಂಬತ್ತೆರಡರ ಫೆಬ್ರವರಿಯಲ್ಲಿ. ಶನಿವಾರ ಬೆಳಿಗ್ಗೆ ತೋಟದಲ್ಲಿ ಗುಲಾಬಿ ಕತ್ತರಿಸುತ್ತಿದ್ದವರು ಹಾಗೇ ಕುಸಿದರಂತೆ. ಹಿಂದಿನ ದಿನ ಶುಕ್ರವಾರ ನಾನೇ ಅವರ ಕೋಟು ಬಿಚ್ಚಿಸಿ, ಟೋಪಿ ಒರೆಸಿ ಗೂಟಕ್ಕೆ ಹಾಕಿದ್ದೆ. ಚಿತ್ರೀಕರಿಸಿಟ್ಟದ್ದು ಇನ್ನೂ ಎರಡು ವಾರದ್ದು ಇತ್ತಲ್ಲ, ಮಣ್ಣಾದ ಮೇಲೂ ವಾರಕ್ಕೆರಡು ಸಂಜೆ ವಿಲ್ಫ್ ಬಂದು ಚಹಾ ಕುಡಿದು, ಬಿಸ್ಕತ್ತು ಅದ್ದಿ ತಿಂದು ಹೋದ. ಕೋನಿ ಆ ನಾಲ್ಕು ಸಂಜೆಯೂ ಅಕ್ಕನ ಮನೆಗೆ ಹೋಗಿ ಕೂತಳು. ಆ ಅಕ್ಕನ ಮನೆಯಲ್ಲೂ ಪಕ್ಕದವರ ಟೀವಿಯಿಂದ ದನಿ ಗೋಡೆ ದಾಟಿ ಬರುತ್ತಿತ್ತಂತೆ.

ಲೊಮ್ಯಾಕ್ಸ್ ಅಷ್ಟರಲ್ಲಿ ನಿವೃತ್ತನಾಗಿದ್ದ. ಹೊಸ ನಿರ್ಮಾಪಕಿ ಮಿಸ್ ಪೆಂಡಲ್‌ಬರಿ ಚುರುಕು ಹೆಂಗಸು. ವಿಲ್ಫ್‌ನ ಸಾವಿನ ಕಂತಿಗೆ ಅವಳು ಯೋಚಿಸಿದ್ದು ಹೀಗೆ: ಮಾತಿಲ್ಲ, ಸಂಗೀತವಿಲ್ಲ. ಖಾಲಿ ಅಡುಗೆಮನೆ. ಕ್ಯಾಮೆರಾ ನಿಧಾನವಾಗಿ ಬಾಗಿಲ ಹಿಂದಿನ ಗೂಟದ ಹತ್ತಿರ ಹೋಗಿ ನಿಲ್ಲಬೇಕು. ಗೂಟದಲ್ಲಿ ಟೋಪಿ.

ಗುರುವಾರ ಬೆಳಿಗ್ಗೆ ಗೂಟ ಬರಿದಾಗಿತ್ತು.

ಸಾಮಾನು ಕೋಣೆ ತಡಕಿದರು, ಉಡುಪಿನ ಕಪಾಟುಗಳನ್ನು ಬರಿದು ಮಾಡಿದರು, ಹಲಗೆಗಳ ಹಿಂದೆ ದೀಪ ಹಿಡಿದು ಹುಡುಕಿದರು. ಮಿಸ್ ಪೆಂಡಲ್‌ಬರಿ ನನ್ನ ಬಳಿಯೂ ಬಂದಳು.

“ನೋರಾ, ನೀವು ಮೊದಲಿನಿಂದ ಇದ್ದೋರು. ನಿಮಗೇನಾದ್ರೂ ಗೊತ್ತಾ?”

“ಇಲ್ಲಮ್ಮಾ,” ಎಂದೆ. ನನ್ನ ಕೈಚೀಲ ಅವಳ ಕಾಲ ಬಳಿಯೇ ಇತ್ತು. ಮೇಲೆ ಊಟದ ಡಬ್ಬಿ, ಕೆಳಗೆ ಹೆಣಿಗೆಯ ಉಂಡೆಗಳು, ಅದರ ಕೆಳಗೆ ಅದು. ಮೂವತ್ತು ವರ್ಷದಲ್ಲಿ ಆ ಸ್ಟುಡಿಯೋದಿಂದ ಒಂದು ಗುಂಡಿಸೂಜಿಯನ್ನೂ ನಾನು ಮನೆಗೆ ಒಯ್ದವಳಲ್ಲ.

ಬಾಡಿಗೆ ಅಂಗಡಿಯಿಂದ ಅಂಥದೇ ಇನ್ನೊಂದು ತರಿಸಿದರು. ತಗುಲಿಸಿದವನು ಯಾರೋ ಹೊಸಬ. ಬಿಲ್ಲೆ ಚೆನ್ನಾಗಿ ಕಾಣಲಿ ಎಂದು ಅದನ್ನು ಹೊರಗೆ ಮಾಡಿದ. ಕ್ಯಾಮೆರಾ ಹತ್ತಿರ ಹೋಯಿತು, ನಿಂತಿತು. ನಾನು ಬಾಯಿ ಬಿಡಲಿಲ್ಲ.

ಕಾಗದಗಳು ಮತ್ತೆ ಬಂದವು, ಮೂಟೆಮೂಟೆ. ಕಾಗದದ ವಿಭಾಗದವರಿಗೆ ಮುದುಕರ ಕೈಬರಹ ಓದಲು ಬರುವುದಿಲ್ಲವೆಂದು ನನ್ನನ್ನೂ ಕೂರಿಸಿದರು. ಸಂಜೆ ಶಾಲೆಯ ಓದು ಅದಕ್ಕಾದರೂ ಒದಗಿತು. ನೂರಕ್ಕೆ ತೊಂಬತ್ತು ಕಾಗದಗಳಲ್ಲಿ ಒಂದೇ ಮಾತು. ಅದು ವಿಲ್ಫ್‌ನ ಟೋಪಿಯಲ್ಲ. ನಮ್ಮ ಕಣ್ಣಿಗೆ ಮಣ್ಣೆರಚಬೇಡಿ. ವಿಲ್ಫ್ ಸತ್ತಿಲ್ಲ, ಟೋಪಿ ತೊಟ್ಟು ಎಲ್ಲೋ ಹೋಗಿದ್ದಾನೆ, ಯಾವಾಗ ಬರುತ್ತಾನೆ ಹೇಳಿ. ಎಡ್ಗರ್ ಹಿಂಚ್ಲಿಫ್‌ರ ಸಾವು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅದನ್ನೂ ಓದಿದ್ದರು, ಇದನ್ನೂ ಬರೆದಿದ್ದರು. ಸತ್ತವರನ್ನೂ ಹದಿಮೂರು ವಾರದೊಳಗೆ ಕರೆಸಿಕೊಳ್ಳುವ ಕರಾರು ಇವರ ಹತ್ತಿರ ಇದೆಯೇನೋ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ಒಂದು ಕಾಗದ ಒಡೆದೆ. ಓಲ್ಡಮ್‌ನಿಂದ ಬಂದದ್ದು. ಗೆರೆ ಹಾಕಿದ ಹಾಳೆ, ಪೆನ್ಸಿಲಿನಲ್ಲಿ ದೊಡ್ಡ ಅಕ್ಷರ, ಒಂದೊಂದನ್ನೂ ಒತ್ತಿ ಬರೆದಿತ್ತು. ತಡವಾಗಿ ಕಲಿತವರ ಬರಹ ನನಗೆ ಗೊತ್ತಾಗುತ್ತದೆ.

“ಗೂಟದಲ್ಲಿ ಇರುವುದು ಅವನ ಟೋಪಿ ಅಲ್ಲ. ತನ್ನದನ್ನು ಅವನು ತೆಗೆದುಕೊಂಡು ಹೋಗಿದ್ದಾನೆ. ಆ ಕಂಡಕ್ಟರ್ ಕೆಲಸ ಸಾಕಾಗಿತ್ತು ಅವನಿಗೆ, ಮುಖದಲ್ಲೇ ಕಾಣುತ್ತಿತ್ತು. ಇನ್ನು ಕರೆಯಬೇಡಿ. ಹೋಗಲಿ ಬಿಡಿ.”

ಕೆಳಗೆ ಹೆಸರಿತ್ತು, ವಿಳಾಸವಿರಲಿಲ್ಲ.

ಉತ್ತರ ಬರೆಯಬೇಕಾದ ರಾಶಿಗೆ ಅದನ್ನು ಹಾಕಲಿಲ್ಲ. ಮಡಚಿ ಮನೆಗೆ ತಂದೆ. ಬಟ್ಟೆಯ ಪೆಟ್ಟಿಗೆಯ ತಳದಲ್ಲಿ, ಚಳಿಗಾಲದ ಕಂಬಳಿಯ ಕೆಳಗೆ ಟೋಪಿ ಇತ್ತು. ಒಳಗಿನ ಬೆವರುಪಟ್ಟಿಯ ಚರ್ಮವನ್ನು ಸ್ವಲ್ಪ ಬಿಡಿಸಿ ಕಾಗದವನ್ನು ಅದರ ಸಂದಿಗೆ ಸೇರಿಸಿದೆ. ಬಿಲ್ಲೆ ಯಾವ ಕಡೆಗಿದೆ ಎಂದು ನೋಡದೆಯೇ ಮುಚ್ಚಳ ಹಾಕಿದೆ.